ಹನುಮಂತರಾಯಪ್ಪನವರ ಮನೆಗೆ ಬಣ್ಣ ಬಂದದ್ದು

ಬಣ್ಣ ಬಳಿಯುವವರು ಮನೆಯವರು ಹೇಳಿದ ಬಣ್ಣವನ್ನೇ ಬಳಿಯುತ್ತಾರೆ ಎಂದು ನಾನು ಬಹಳ ಕಾಲ ನಂಬಿದ್ದೆ. ರಾಯದುರ್ಗದ ಮರುಳಸಿದ್ದಪ್ಪನನ್ನು ಕಂಡ ಮೇಲೆ ಆ ನಂಬಿಕೆ ಹೋಯಿತು. ನೀವು ಹಳದಿ ಎಂದರೆ ಅವನು ನಿಮ್ಮ ಗೋಡೆಯನ್ನೊಮ್ಮೆ, ನಿಮ್ಮ ಮುಖವನ್ನೊಮ್ಮೆ ನೋಡಿ, "ಹಳದಿ ನಿಮಗ ಒಪ್ಪಂಗಿಲ್ರಿ" ಎಂದು ನೀಲಿ ಕಲಸುತ್ತಿದ್ದ. ಮನೆಯೊಡೆಯ ಕೂಗಾಡಿದರೆ ಏಣಿಯ ಮೇಲೆಯೇ ಕುಳಿತು ಎಲೆಯಡಿಕೆ ಹಾಕಿಕೊಂಡು, ಕೂಗು ಮುಗಿಯುವವರೆಗೆ ಕಾದು, ಮತ್ತೆ ನೀಲಿಯನ್ನೇ ಮುಂದುವರಿಸುತ್ತಿದ್ದ. ಅಂಥವನು ತನ್ನ ಜನ್ಮದಲ್ಲಿ ಒಂದೇ ಒಂದು ಸಲ, ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ. ಮಾಡಿಸಿಕೊಂಡವರು ಮಡಕಶಿರಾ ಸೀಮೆಯ ಹನುಮಂತರಾಯಪ್ಪನವರು. (ಆ ವಿಧೇಯತೆಯನ್ನು ಅವರು ಇವತ್ತಿಗೂ ಕ್ಷಮಿಸಿಲ್ಲ.)

ಹನುಮಂತರಾಯಪ್ಪನವರು ಹೊಲದಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು, ರಾಗಿ ಬೆಳೆಯುತ್ತಿದ್ದರು, ತೋಟದಲ್ಲಿ ಹಿಪ್ಪುನೇರಳೆ ಬೆಳೆಯುತ್ತಿದ್ದರು. ಅಭಿಮಾನವನ್ನು ಮಾತ್ರ ಮನೆಯೊಳಗೇ ಬೆಳೆಯುತ್ತಿದ್ದರು. ಅಜ್ಜ ಕಟ್ಟಿಸಿದ ಮಾಳಿಗೆ ಮನೆ. ಪಡಸಾಲೆಯ ಗೋಡೆಯಲ್ಲಿ ಆಳೆತ್ತರದ ತೇಗದ ಅಲಮಾರು. ಅದು ತೇಗ ಎಂಬುದನ್ನು ಅವರು ಹೇಳಬೇಕು, ನಾವು ನಂಬಬೇಕು. ಯಾಕೆಂದರೆ ಅಡುಗೆಮನೆಯ ಹೊಗೆ ಪಡಸಾಲೆಗೆ ಬಂದು ದಣಿವಾರಿಸಿಕೊಳ್ಳುತ್ತಿದ್ದುದು ಅದರ ಮೇಲೆಯೇ. ತಲೆಮಾರುಗಳ ಮಸಿಯಿಂದ ಅದು ಎಮ್ಮೆಯ ಬೆನ್ನಿನ ಹಾಗೆ ಕಪ್ಪಗಿತ್ತು.

ಆ ಮಾಘಮಾಸದಲ್ಲಿ ಅವರ ಮಗ ಜುಂಜಣ್ಣನಿಗೆ ಅಮರಾಪುರದ ಕದರಪ್ಪನವರ ಮಗಳು ಚಿತ್ತಮ್ಮನನ್ನು ತರುವ ಮಾತು ಬಂತು. ಹೆಂಡತಿ ಓಬಳಮ್ಮ ಆ ಹುಡುಗಿಯನ್ನು ಯಾವುದೋ ಮದುವೆಯಲ್ಲಿ ನೋಡಿದ್ದಳು. ಇಡೀ ಪಂಕ್ತಿಗಾಗುವಷ್ಟು ಮುದ್ದೆಯನ್ನು ಒಬ್ಬಳೇ ತಿರುವಿ, ಬೆವರೂ ಒರೆಸಿಕೊಳ್ಳದೆ ಸೋಬಾನೆ ಹೇಳಲು ಹೋದ ಹುಡುಗಿ! ಅಂದಿನಿಂದ ಓಬಳಮ್ಮನಿಗೆ ಅವಳಲ್ಲದೆ ಬೇರೆ ಸೊಸೆ ಬೇಡ. ಬರುವ ಸೋಮವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬರುವುದೆಂದು ನಿಶ್ಚಯವಾಯಿತು.

"ಲೇ ಓಬಳೀ, ಸೋಮವಾರದೊಳಗೆ ಈ ಮನೆ ಫಳಫಳ ಅನ್ಬೇಕು. ರಾಯದುರ್ಗದಿಂದ ಪೇಂಟರ್‌ನ ಕರೆಸ್ತೀನಿ."

"ಯಾಕೆ, ಹೆಣ್ಣು ಕೊಡೋರು ಗೋಡೆ ನೆಕ್ಕಿ ನೋಡ್ತಾರಾ? ಬಣವೆ ಎಷ್ಟೆತ್ತರ ಐತೆ, ಬಾವೀಲಿ ನೀರೈತಾ, ಕೊಟ್ಟಿಗೇಲಿ ದನ ಎಷ್ಟವೆ, ಅಷ್ಟೇ ಅವ್ರು ನೋಡೋದು."

"ಅದು ಕಂಡೋರ ಮನೇಲಿ. ಜಮಾಬಂದಿಗೆ ಬಂದಾಗ ಕಲೆಕ್ಟರ್ ದೊರೆ ಕೂತ ಜಗಲಿ ಕಣೇ ಇದು!"

"ಕೂತಿದ್ದು ದೊರೆ ಅಲ್ಲ, ದೊರೆ ಜವಾನ. ಅವನೂ ಕಾಲಿಗೆ ಮುಳ್ಳು ಹೊಕ್ತು ಅಂತ ಕೂತ."

(ಇತಿಹಾಸಕ್ಕೆ ಹೆಂಡತಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ.)

ಮರುಳಸಿದ್ದಪ್ಪ ಬಂದ. ವೈದ್ಯನು ರೋಗಿಯನ್ನು ನೋಡುವ ಹಾಗೆ ಮನೆಯನ್ನು ಸುತ್ತಿದ. ಅಲಮಾರಿನ ಬಾಗಿಲನ್ನು ಬೆರಳಿನಿಂದ ತಟ್ಟಿದ, ಉಗುರಿನಿಂದ ಕೆರೆದ, ಮೂಸಿದ.

"ಇದು ಕರಿ ಅಲ್ರಿ ಗೌಡ್ರೆ. ಒಳಗ ಬಂಗಾರ ಐತಿ. ಬಳ್ಳಾರಿ ದಂಡಿನ್ಯಾಗ ಒಬ್ಬ ಸಾಹೇಬರ ಮೇಜಿಗೆ ಪಾಲಿಸು ಹೊಡದಿದ್ನಿ. ಅದರಾಗ ಮುಖ ನೋಡಿ ಕ್ಷೌರ ಮಾಡ್ಕೊಂತಿದ್ರು."

"ಅಯ್ಯೋ, ಅದರೊಳಗೆ ನನ್ನ ಉಪ್ಪಿನಕಾಯಿ ಜಾಡಿ ಅವೆ ಕಣಪ್ಪ!" ಎಂದಳು ಓಬಳಮ್ಮ.

"ಇರ್ಲಿ ಬಿಡ್ರಿ ಅವ್ವಾರೆ, ಅವೂ ಮುಖ ನೋಡ್ಕೊಳ್ಲಿ."

ಅಲ್ಲಿಂದ ಮನೆಯಲ್ಲಿ ಯುದ್ಧಪರ್ವ. ಬೂದಿ ನೀರಿನಿಂದ ತೊಳೆದ. ಒಡೆದ ಗಾಜಿನ ಚೂರಿನಿಂದ ಮಸಿ ಹೆರೆದ. ಉಜ್ಜು ಕಾಗದದಿಂದ ಉಜ್ಜಿದ. ಆಮೇಲೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹಳೆಯ ಬಟ್ಟೆಯನ್ನು ಉಂಡೆ ಮಾಡಿ ಅದರಲ್ಲಿ ಅದ್ದಿ, ಕೂಸಿಗೆ ಎಣ್ಣೆ ತಿಕ್ಕುವವರ ಹಾಗೆ ತಿಕ್ಕಿದ. ತಿಕ್ಕುತ್ತ ತಿಕ್ಕುತ್ತ ಮರ ಜೇನಿನ ಬಣ್ಣಕ್ಕೆ ಬಂತು. ಬಾಗಿಲಿನ ನಡುವೆ, ಯಾರೂ ಎಂದೂ ಕಂಡಿರದ ಒಂದು ಜೋಡಿ ಕೆತ್ತನೆಯ ಗಿಳಿ ಕೊಕ್ಕು ತೆರೆದು ಹೊರಬಂದವು.

ಹನುಮಂತರಾಯಪ್ಪನವರ ಆನಂದಕ್ಕೆ ಪಾರವಿಲ್ಲ. ಬೀದಿಯಲ್ಲಿ ಹೋಗುವವರನ್ನೆಲ್ಲ ಒಳಗೆ ಕರೆದು ತೋರಿಸಿದರು. "ನಮ್ಮಜ್ಜನ ಗಿಳಿ! ಕೆತ್ತಿಸೋವಾಗ ಅಜ್ಜನೇ ಎದುರಿಗೆ ನಿಂತಿದ್ದನಂತೆ!" (ಆ ಗಿಳಿಗಳ ಪರಿಚಯ ಅವರಿಗೆ ಆಗಿದ್ದು ಆ ದಿನ ಬೆಳಿಗ್ಗೆ.) ಕುರಿ ಹೊಡೆದುಕೊಂಡು ಹೋಗುತ್ತಿದ್ದ ಬೋರಣ್ಣನೂ ನೋಡಬೇಕಾಯಿತು, ಅವನ ಜೊತೆಗೆ ಎರಡು ಕುರಿಗಳೂ ನೋಡಿ ಹೋದವು.

"ಹೊರಗಿನ ಗೋಡಿಗೆ ಏನ್ ಮಾಡ್ಲಿ ಗೌಡ್ರೆ?" ಎಂದು ಮರುಳಸಿದ್ದಪ್ಪ ಕೇಳಿದಾಗ ಗೌಡರು ಅಲಮಾರಿನ ಬಾಗಿಲಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದರು.

"ಕೇಳೋದೇನೈತೆ? ಮದುವೆ ಮನೆ ಇದ್ದಂಗೆ ಕಾಣ್ಬೇಕು!"

ಮರುಳಸಿದ್ದಪ್ಪ ಗೋಡೆಯನ್ನು ನೋಡಿದ, ಗೌಡರ ಮುಖವನ್ನು ನೋಡಿದ, ಆಕ್ಷೇಪಿಸಲು ಏನೂ ಸಿಗಲಿಲ್ಲ. "ಇದು ಒಪ್ತದ ನೋಡ್ರಿ" ಎಂದ.

ಓಬಳಮ್ಮ ಎರಡು ದಿನದಿಂದ ಕಣದಲ್ಲಿ ರಾಗಿ ಒಕ್ಕಣೆಯ ಹಿಂದೆ ಇದ್ದಳು. ಸೋಮವಾರ ನಸುಕಿನಲ್ಲಿ ಹಿತ್ತಿಲಿಂದ ಬಂದು ಹೋಳಿಗೆಗೆ ಬೇಳೆ ಬೇಯಲಿಟ್ಟು, ಬೆಳಕಾದ ಮೇಲೆ ಹೊರಗೆ ಬಂದು ನೋಡುತ್ತಾಳೆ: ನೀಲಿ ಬೆರೆಸಿದ ಸುಣ್ಣದಲ್ಲಿ ಗೋಡೆ ಹಾಲಿನ ಹಾಗೆ ಬೆಳ್ಳಗಿದೆ. ಕೆಳಗೆ ಜಗಲಿಯುದ್ದಕ್ಕೂ ಕೆಮ್ಮಣ್ಣಿನ ಪಟ್ಟೆ. ಬಾಗಿಲ ಅಕ್ಕಪಕ್ಕ ಗೊನೆ ಬಿಟ್ಟ ಬಾಳೆಗಿಡದ ಚಿತ್ರ. ಮೇಲೆ ಕಳಸ.

"ಇದೇನಿದು? ಯಾರ ಮದುವೆ?"

"ಹಂಗನ್ನು!" ಎಂದು ಹನುಮಂತರಾಯಪ್ಪನವರು ಎದೆಯುಬ್ಬಿಸಿದರು. "ನೀನೇ ಹಿಂಗೆ ಬೆರಗಾದ್ರೆ, ಅವ್ರ ಗತಿ ಏನೇ!"

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಆದರೆ ಒಳಗಿನಿಂದ ಬೇಳೆ ಸೀದ ವಾಸನೆ ಬಂತು; ಹೋಳಿಗೆ ಉಳಿಸಲು ಓಡಿದಳು.

ಹೊತ್ತೇರಿದ ಮೇಲೆ ಬೀದಿಯ ತುದಿಯಲ್ಲಿ ಅಮರಾಪುರದ ಗಾಡಿ ಕಾಣಿಸಿತು. ಹನುಮಂತರಾಯಪ್ಪನವರು ರುಮಾಲು ಸರಿಮಾಡಿಕೊಂಡು ಜಗಲಿಯ ಮೇಲೆ ನಿಂತರು. ಗಾಡಿ ಬಂದು, ಬೀದಿಯ ಸೇದುಬಾವಿಯ ಹತ್ತಿರ ನಿಂತಿತು. ಕದರಪ್ಪನವರೂ ಅವರ ಕಡೆಯವರೂ ಇಳಿದರು, ಮನೆಯನ್ನು ನೋಡಿದರು, ನೀರು ಸೇದುತ್ತಿದ್ದ ಪಕ್ಕದ ಮನೆಯ ಪೆದ್ದಣ್ಣನನ್ನು ಏನೋ ಕೇಳಿದರು, ಮತ್ತೆ ಮನೆಯನ್ನು ನೋಡಿದರು. ಆಮೇಲೆ ಎಲ್ಲರೂ ಗಾಡಿ ಹತ್ತಿದರು. ಗಾಡಿ ತಿರುಗಿ ಬಂದ ದಾರಿಯಲ್ಲೇ ಹೋಯಿತು.

"ಎಲ್ಲಿಗ್ ಹೋದ್ರು?" ಎಂದು ಓಬಳಮ್ಮ ಸೌಟು ಹಿಡಿದೇ ಬಂದಳು.

"ಮನೆ ನೋಡಿ ಸಂಕೋಚ ಆಗೈತೆ ಕಣೇ. ಇನ್ನೂ ಒಳ್ಳೆ ಪಂಚೆ ಉಟ್ಕೊಂಡ್ ಬರೋಕ್ ಹೋಗವ್ರೆ."

ಅಷ್ಟರಲ್ಲಿ ಪೆದ್ದಣ್ಣ ಬಂದ. ನೆಂಟನಲ್ಲದಿದ್ದರೂ ನೆಂಟನಷ್ಟೇ ಮುನಿಸು. "ಇರ್ಲಿ ಬಿಡಣ್ಣ. ಪಕ್ಕದ ಮನೆಯೋನು ನಾನು. ಹುಡುಗನಿಗೆ ಹೆಣ್ಣು ಗೊತ್ತು ಮಾಡ್ಕೊಂಡು, ನಂಗೊಂದು ಮಾತು ಹೇಳಲಿಲ್ಲ."

"ಯಾವ ಹೆಣ್ಣೋ?"

"ನನ್ನ ಕೇಳಿದ್ರೆ? ಅವ್ರೂ ಅದನ್ನೇ ಕೇಳಿದ್ರು, 'ಆ ಮದುವೆ ಮನೆ ಯಾರ್ದು' ಅಂತ. ಹನುಮಂತರಾಯಪ್ಪಣ್ಣಂದೇ ಅಂದೆ. 'ಎಲೆಯಡಿಕೆ ಒಬ್ಬರ ಹತ್ರ ಬದಲಾಯಿಸ್ಕೊಂಡು, ಮನೆ ನೋಡೋಕೆ ನಮ್ಮನ್ನ ಕರೆಸವ್ರಾ' ಅಂತ ಕದರಪ್ಪನೋರು ಕೆಂಡ ಆಗ್ಬಿಟ್ರು."

ಮಾಘದಲ್ಲಿ ಸುಣ್ಣ ಹೊಡೆದು, ಕೆಮ್ಮಣ್ಣು ಎಳೆದು, ಬಾಗಿಲ ಮೇಲೆ ಕಳಸ ಬರೆದರೆ ಹೆಣ್ಣು ಗೊತ್ತಾಗಿದೆ ಎಂದೇ ಅರ್ಥ. ಆ ಸೀಮೆಯಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಹನುಮಂತರಾಯಪ್ಪನವರಿಗೂ ಗೊತ್ತಿತ್ತು, ಗಿಳಿಗಳ ಗದ್ದಲದಲ್ಲಿ ಮರೆತಿದ್ದರು. ಅವರು ಮರುಳಸಿದ್ದಪ್ಪನ ಕಡೆ ತಿರುಗಿದರು.

"ನೀವ ಹೇಳಿದ್ರಲ್ರಿ, ಮದುವಿ ಮನಿ ಇದ್ದಂಗ ಅಂತ! ಎಲಿಅಡಿಕಿ ಆಗೈತಿ ಅಂದ್ಕೊಂಡ್ನಿ."

ಗಂಡಸರ ವಾದ ಮುಗಿಯುವುದನ್ನು ಓಬಳಮ್ಮ ಕಾಯಲಿಲ್ಲ. ಹೋಳಿಗೆಯನ್ನು ಬುಟ್ಟಿಗೆ ತುಂಬಿಕೊಂಡು ಹೊಲದ ಬದುವಿನ ಮೇಲೆ ಬೀಸುಗಾಲು ಹಾಕಿದಳು. ಗಾಡಿ ಕೆರೆಯೇರಿಯನ್ನು ಸುತ್ತಿ ಬರುವಷ್ಟರಲ್ಲಿ ಅವಳು ದಾರಿಗೆ ಅಡ್ಡ ನಿಂತಿದ್ದಳು.

"ಅಣ್ಣಾ, ನನ್ನ ಮಗನಿಗೆ ಯಾವ ಹೆಣ್ಣೂ ಗೊತ್ತಾಗಿಲ್ಲ. ನಮ್ಮ ಯಜಮಾನ್ರಿಗೆ ಮನೆ ಹುಚ್ಚು, ಅಷ್ಟೇ. ಈ ಹೋಳಿಗೆ ಮೇಲಾಣೆ. ನಿಮ್ಮ ಮಗಳು ಮುದ್ದೆ ತಿರುವಿದ್ದು ನೋಡಿದಾಗಿಂದ ನಂಗೆ ಬೇರೆ ಸೊಸೆ ಕಣ್ಣಿಗೇ ಹತ್ತಿಲ್ಲ."

ಕದರಪ್ಪನವರು ಹೋಳಿಗೆಯನ್ನು ನೋಡಿದರು, ಅವಳ ಕಾಲಿನ ಧೂಳನ್ನು ನೋಡಿದರು, ಗಾಡಿ ತಿರುಗಿಸಿದರು. ಆದರೆ ತಮ್ಮ ಹುಡುಗಿಯ ಹೆಸರಿನಲ್ಲಿ ಬರೆಯದ ಕಳಸದ ಕೆಳಗೆ ಹಾಯುವುದಿಲ್ಲ ಎಂದು ಹಿತ್ತಿಲ ಕಡೆಯಿಂದ ಬಂದರು. ಬಣವೆ ನೋಡಿದರು, ಬಾವಿಗೆ ಇಣುಕಿದರು, ದನಗಳ ಬೆನ್ನು ಸವರಿದರು. ಕಣದಲ್ಲೇ ಎಲೆ ಹಾಕಿ ಊಟ. "ಒಳಗೊಂದು ಅಲಮಾರು ಐತೆ..." ಎಂದು ಹನುಮಂತರಾಯಪ್ಪನವರು ಬಾಯಿ ತೆರೆದಾಗಲೆಲ್ಲ ಓಬಳಮ್ಮ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ಬಣವೆಯ ನೆರಳಿನಲ್ಲಿ ಎಲೆಯಡಿಕೆ ಬದಲಾಯಿತು. ಸೊಸೆ ಗೊತ್ತಾದಳು. ಗಿಳಿಗಳನ್ನು ಯಾರೂ ನೋಡಲಿಲ್ಲ.

ಹೊರಡುವಾಗ ಕದರಪ್ಪನವರು ಹೇಳಿದರು: "ಬೀಗ್ರೇ, ಒಂದೇ ಮಾತು. ಈ ಮನೆ ಮೊದಲು ಹೆಂಗಿತ್ತೋ ಹಂಗಾಗ್ಲಿ. ಆಮೇಲೆ ನಮ್ಮ ಹುಡುಗಿ ಹೆಸರಲ್ಲಿ ಹೊಸದಾಗಿ ಸುಣ್ಣ ಹೊಡೆಸಿ."

"ಅಲಮಾರೂ ಮೊದಲಿನಂಗೇ ಆಗ್ಲಿ," ಎಂದಳು ಓಬಳಮ್ಮ. "ಉಪ್ಪಿನಕಾಯೆಲ್ಲ ಸ್ಪಿರಿಟ್ ನಾರ್ತಾ ಐತೆ."

ಮರುಳಸಿದ್ದಪ್ಪ ಕುಂಚ ತೊಳೆದು ಗಂಟು ಕಟ್ಟುತ್ತಿದ್ದ. ಹನುಮಂತರಾಯಪ್ಪನವರು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಯಾರಿಗೂ ಕೇಳಿಸದ ಹಾಗೆ ಕೇಳಿದರು:

"ಅಲ್ಲಯ್ಯಾ ಮರುಳಸಿದ್ದಪ್ಪ, ಇದನ್ನೆಲ್ಲ ಮೊದಲಿದ್ದಂಗೆ ಹಳೇದು ಮಾಡಿಕೊಡೋಕೆ ಎಷ್ಟು ದಿನ ಹಿಡೀತದೆ?"

"ಇವತ್ತ ಒಲಿ ಹಚ್ರಿ ಗೌಡ್ರೆ," ಎಂದ ಅವನು. "ಮೊಮ್ಮಗನ ಮದುವಿ ಹೊತ್ತಿಗೆ ಆಗ್ತದ."