ಚೊಂಬು ಹಿಡಿದು ವಾಕಿಂಗು

ನನ್ನಷ್ಟು ಪುಕ್ಕಲನನ್ನು ನೀವು ನೋಡಿರಲಾರಿರಿ. ಹಲ್ಲಿ ಲೊಚಗುಟ್ಟಿದರೂ ನನ್ನ ವಿಷಯವೇ ಏನೋ ಹೇಳಿತೆಂದು ಬೆವರುತ್ತೇನೆ. ಅಂಥವನ ರಕ್ತದ ರಿಪೋರ್ಟು ನೋಡಿ ಡಿಸೆಂಬರಿನಲ್ಲಿ ಮಂಡ್ಯದ ಡಾಕ್ಟರು, "ಶುಗರು ಗಡಿಯಲ್ಲಿ ನಿಂತಿದೆ. ದಿನಾ ನಡೀರಿ. ಯುಗಾದಿ ಹೊತ್ತಿಗೆ ಇಳಿಯದಿದ್ದರೆ ಮಾತ್ರೆ ಶುರು" ಎಂದುಬಿಟ್ಟರು. ಇದೇ ಕಾಯಿಲೆಗೆ ನಮ್ಮಪ್ಪನ ಕಾಲಿನ ಎರಡು ಬೆರಳು ತೆಗೆದದ್ದನ್ನು ಕಣ್ಣಾರೆ ಕಂಡವನು ನಾನು. ಡಾಕ್ಟರು ಹೇಳಿದ ದಿನದಿಂದ ಸ್ನಾನದ ಹೊತ್ತಿನಲ್ಲಿ ಬೆರಳು ಎಣಿಸಿಕೊಳ್ಳುವ ಚಟ ಹತ್ತಿತು. ಹೊಸ ವರ್ಷದಿಂದ ನಡೆದೇ ತೀರುತ್ತೇನೆಂದು ಹೆಂಡತಿ ಜಯಮ್ಮನ ಎದುರು ದೇವರ ಪಟ ಮುಟ್ಟಿ ಆಣೆ ಮಾಡಿದೆ.

ಆದರೆ ನಮ್ಮೂರು ಹೊಳಲಿನಲ್ಲಿ ಸುಮ್ಮನೆ ನಡೆಯುವುದಕ್ಕೆ ಬಿಟ್ಟಾರೆಯೇ? ಒಬ್ಬ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾನೆಂದರೆ ಪಾಪ, ಗಾಡಿ ಕೆಟ್ಟಿರಬೇಕು, ಇಲ್ಲವೇ ಮನೆಯಲ್ಲಿ ಜಗಳವಾಗಿರಬೇಕು. ಜನವರಿ ಒಂದರಂದು ನೂರು ಹೆಜ್ಜೆ ಹಾಕಿರಲಿಲ್ಲ, ನಮ್ಮ ದಾಯಾದಿ ನಿಂಗೇಗೌಡ ಬೈಕು ನಿಲ್ಲಿಸಿದ.

"ಗಾಡಿ ಅತ್ತಣ್ಣ, ಬುಡ್ತೀನಿ."

"ಬ್ಯಾಡ ಕಣಪ್ಪ, ವಾಕಿಂಗು."

"ಓಹೋ! ನನ್ ಗಾಡಿ ಮೇಲೆ ಕುಂತ್ರೆ ನಿನ್ ಮರ್ವಾದೆ ಓಯ್ತದಾ?"

ದಾಯಾದಿಯ ಮುನಿಸೆಂದರೆ ಸಾಮಾನ್ಯವೇ? ಮೂರು ತಲೆಮಾರು ಬೀಗರೂಟಕ್ಕೆ ಕರೆಯುವುದಿಲ್ಲ. ಹೆದರಿ ಹತ್ತಿದೆ. ಅವನು ಹೋಟೆಲಿಗೆ ಕರೆದೊಯ್ದು ಪಾಯಸದಂಥ ಟೀ ಕುಡಿಸಿದ. ವಾಪಸು ನಡೆದು ಬರುವಾಗ ತನ್ನ ಗಾಡಿಗೆ ಹತ್ತಿಸಿಕೊಂಡ ಇನ್ನೊಬ್ಬ ಆಲೆಮನೆಗೆ ನುಗ್ಗಿಸಿ, ಆಗತಾನೆ ಇಳಿಸಿದ ಬಿಸಿ ಬೆಲ್ಲ ಅಂಗೈಗೆ ಹಾಕಿಸಿದ. ಬೇಡವೆನ್ನಲು ಅಲ್ಲೂ ಭಯ. ಒಂದು ವಾರದಲ್ಲಿ ನಾನು ನಡೆದದ್ದಕ್ಕಿಂತ ತಿಂದದ್ದೇ ಹೆಚ್ಚು.

ಪುಕ್ಕಲನಿಗೂ ಒಮ್ಮೊಮ್ಮೆ ಬುದ್ಧಿ ಓಡುತ್ತದೆ. ಎರಡನೆಯ ವಾರ ಅಟ್ಟದ ಮೇಲಿನ ಹಳೇ ಚೊಂಬು ಇಳಿಸಿ, ನೀರು ತುಂಬಿಕೊಂಡು ಹೊರಟೆ. ಬೆಳಿಗ್ಗೆ ಚೊಂಬು ಹಿಡಿದು ಹೊಲದ ಕಡೆ ಹೋಗುವವನನ್ನು ಯಾರೂ ಮಾತಾಡಿಸುವುದಿಲ್ಲ, ಗಾಡಿ ನಿಲ್ಲಿಸುವುದಂತೂ ದೂರದ ಮಾತು. ನಿಂಗೇಗೌಡ ಮುಖ ಆ ಕಡೆ ತಿರುಗಿಸಿಕೊಂಡು ಭರ್ರನೆ ಹೋದ. ಆಹಾ, ಗೆದ್ದೆ ಅಂದುಕೊಂಡೆ!

ಫೆಬ್ರುವರಿಯ ಒಂದು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಜಯಮ್ಮ ನೆಟ್ಟಗೆ ನನ್ನೆದುರು ನಿಂತಳು.

"ನಿಮ್ ಮನೆ ಕಕ್ಕಸು ಕಟ್ಕೊಂಡದಾ ಅಂತ ಎಂಗಸ್ರೆಲ್ಲ ಕೇಳಿ ನಗ್ತಾವ್ರೆ."

ಇವತ್ತಿಗೆ ನನ್ನ ವಾಕಿಂಗು ಮುಗಿಯಿತು ಎಂದುಕೊಂಡೆ. "ನೀನೇನಂದೆ?"

"ಊಂ, ಕಟ್ಕೊಂಡದೆ, ಉಗಾದಿ ಗಂಟ ಸರಿಯಾಗಕಿಲ್ಲ ಅಂದೆ. ಮಾನ ಓದ್ರೆ ಓಗ್ಲಿ ಬುಡಿ. ಮಾವನ ಕಾಲಿಗೆ ದಿನಾ ಬಟ್ಟೆ ಕಟ್ಟಿದೋಳು ನಾನು. ನಿಮ್ಗೂ ಕಟ್ಟೋ ಧೈರ್ಯ ನಂಗಿಲ್ಲ."

ಅವಳ ಕಣ್ಣು ತುಂಬಿತ್ತು. ಅವಳ ಮುಖ ನೋಡಲಾಗದೆ ನನ್ನ ಕಾಲಬೆರಳು ಎಣಿಸತೊಡಗಿದೆ. ಯಾಕೆಂದರೆ ಚಳಿಯೆಂದು ಹತ್ತು ದಿನದಿಂದ ನಾನು ನಡೆದೇ ಇರಲಿಲ್ಲ. ಊರಾಚೆಯ ನಾಲೆ ಏರಿ ಮೇಲೆ ಕೂತು, ಎಳೆಬಿಸಿಲು ಕಾಯಿಸಿಕೊಂಡು, ನೀರು ಚೆಲ್ಲಿ ಮನೆಗೆ ಬರುತ್ತಿದ್ದೆ. ಇದನ್ನು ಅವಳಿಗೆ ಹೇಳುವ ಗಂಡೆದೆ ನನಗೆಲ್ಲಿಂದ ಬರಬೇಕು? ಮಾರನೆಯ ದಿನದಿಂದ ನಿಜಕ್ಕೂ ನಡೆಯುತ್ತಿದ್ದೇನೆ. ಯುಗಾದಿಗೆ ಶುಗರು ಇಳಿಯದಿದ್ದರೆ, ಡೈರಿಯಲ್ಲಿ ಜಯಮ್ಮ ಕಳೆದುಕೊಂಡ ಮಾನಕ್ಕೆ ನಾನು ಏನು ಉತ್ತರ ಕೊಡಲಿ ಎಂಬ ಭಯ, ನೋಡಿ.