ಭಾಗಾಕಾರದ ಕೋಪ

ಶಾಲೆಗೆ ಹೊರಡುವ ಹೊತ್ತಿಗೆ ದರ್ಜಿಯ ಮಗಳು ಪೆನ್ಸಿಲು ಮುರಿದಳು. ಎಷ್ಟು ತಿಣುಕಿದರೂ ಭಾಗಾಕಾರ ತಲೆಗೆ ಹತ್ತಿರಲಿಲ್ಲ. ಎಂಟು ವರ್ಷದ ಹುಡುಗಿ ಹಾಳೆಯನ್ನು ಉಂಡೆ ಮಾಡಿ ಎಸೆದು, ತಾನು ಶುದ್ಧ ದಡ್ಡಿ ಎಂದು ಸಾರಿ, ಎದ್ದು ನಿಂತು ನೆಲಕ್ಕೆ ಕಾಲು ಅಪ್ಪಳಿಸಿದಳು.

ದರ್ಜಿಗೂ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಹೋದ ಶುಕ್ರವಾರ ಮಸೀದಿಯಲ್ಲಿ ಕೇಳಿದ್ದು ನೆನಪಾಯಿತು. ಗದರಲು ತೆರೆದ ಬಾಯಿ ಮುಚ್ಚಿ, ನೆಲದ ಮೇಲೆ ಕುಳಿತ.

“ನಿಂತಾಗ ಕೋಪ ಬಂದ್ರೆ ಕೂತ್ಕೋಬೇಕು, ಆಗಲೂ ಇಳೀದಿದ್ರೆ ಮಲಕ್ಕೋಬೇಕು ಅಂತ ಪ್ರವಾದಿಯವರು ಹೇಳಿದ್ದಾರೆ ಮಗಳೇ. ತಡವರಿಸಿ ಕುರ್‌ಆನ್ ಓದೋರಿಗೇ ಎರಡು ಪಾಲು ಪ್ರತಿಫಲ ಅಂತೆ. ಲೆಕ್ಕದಲ್ಲಿ ತಡವರಿಸಿದ್ರೆ ನಾನ್ಯಾಕೆ ಬೈಲಿ?”

ಮಗಳು ಕುಳಿತಳು. ಸಾಲದೆ ಮೇಜಿನಡಿ ಮಲಗಿದಳು. ಸ್ವಲ್ಪ ಹೊತ್ತಿಗೆ ಎದ್ದು “ಬಿಸ್ಮಿಲ್ಲಾ” ಎಂದು ಮತ್ತೆ ಬರೆದಳು. ಲೆಕ್ಕ ಬಂತು. ದರ್ಜಿ ಗಂಜಿ ಹಾಕಿದ ಕಾಲರಿನಂತೆ ಕತ್ತು ನೆಟ್ಟಗೆ ಮಾಡಿಕೊಂಡು ಅಂಗಡಿಗೆ ಹೋದ.

ಮಧ್ಯಾಹ್ನ ಶಾಲೆಯಿಂದ ಫೋನು. ಮಗಳು ತರಗತಿಯಲ್ಲಿ ಮಲಗಿದ್ದಾಳೆ, ಹೆಡ್‌ಮಿಸ್ ಮನೆಯವರನ್ನು ಕರೆಸಲು ಹೇಳಿದ್ದಾರೆ, ತಕ್ಷಣ ಬನ್ನಿ. ಅಂಗಡಿಯಲ್ಲಿ ಸಲಹೆಗೇನು ಬರ? ಇಸ್ತ್ರಿಯವನು ಶಾಲೆಯಿಂದ ತೆಗೆದುಹಾಕುವುದು ಖಂಡಿತ ಎಂದ. ಗುಂಡಿ ಹೊಲಿಯುವಾಕೆ, ಅವರು ಬಾಯಿ ತೆರೆಯುವ ಮುಂಚೆಯೇ ಕ್ಷಮೆ ಕೇಳಿಬಿಡಿ ಎಂದಳು. ಅಳತೆ ಕೊಡಲು ಬಂದಿದ್ದ ಗಿರಾಕಿಯೂ ಸುಮ್ಮನಿರದೆ, ಮುಖ ಸಪ್ಪಗೆ ಇಟ್ಟುಕೊಳ್ಳಿ ಎಂದು ಹೇಳಿಕೊಟ್ಟ. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿದ.

ನೋಡಿದರೆ ಮಲಗಿದ್ದು ಮಗಳೊಬ್ಬಳೇ ಅಲ್ಲ. ಹಗ್ಗ ಹರಿದು ಬಿದ್ದ ಒಗೆದ ಬಟ್ಟೆಗಳ ಹಾಗೆ ಇಡೀ ತರಗತಿಯೇ ನೆಲದ ಮೇಲಿತ್ತು. ಹೊಸ ಲೆಕ್ಕ ಬಾರದೆ ಮಗಳು ಮಲಗಿದ್ದಳು, ಯಾಕೆಂದು ಕೇಳಿದವರಿಗೆ ವಿವರಿಸಿದ್ದಳು. ಕೋಪವೇ ಬಾರದವರೂ ತಮಗೆಲ್ಲಿ ತಪ್ಪಿಹೋಗುತ್ತದೋ ಎಂದು ಮಲಗಿದ್ದರು.

ದರ್ಜಿ ಒಂದೇ ಉಸಿರಿಗೆ ಕ್ಷಮೆ ಕೇಳಿ, ಬೆಳಗಿನದನ್ನೆಲ್ಲ ಹೇಳಿದ. ಟೀಚರು ನಕ್ಕುಬಿಟ್ಟರು.

“ಇವತ್ತು ಲೆಕ್ಕದ ಪಿರಿಯಡ್‌ನಲ್ಲಿ ಯಾರೂ ಅಳ್ಲಿಲ್ಲ. ಎದ್ದು ಮಾಡಿದೋರಿಗೆ ಲೆಕ್ಕಾನೂ ಬಂತು, ಮುಂದಿನ ಲೆಕ್ಕಕ್ಕೆ ಮತ್ತೆ ಮಲಗಿದ್ರು. ಆದ್ರೆ ಹೆಡ್‌ಮಿಸ್‌ಗೆ ನೀವೇ ಹೇಳ್ಬೇಕು.”

ಮಕ್ಕಳನ್ನೆಲ್ಲ ಎಬ್ಬಿಸಿ ಕೂರಿಸಿದರು. ಹೆಡ್‌ಮಿಸ್ ಬರುವ ತನಕ, ಭಾಗಾಕಾರದ ಕ್ರಮ ಈಗ ಬದಲಾಗಿದೆ, ಮನೆಯಲ್ಲಿ ಹೀಗೆ ಹೇಳಿಕೊಡಿ ಎಂದು ಬೋರ್ಡಿನ ಮೇಲೆ ತೋರಿಸಿ, ದರ್ಜಿಯ ಕೈಗೆ ಸೀಮೆಸುಣ್ಣ ಕೊಟ್ಟರು. ದಿನವಿಡೀ ಬಟ್ಟೆ ಅಳೆಯುವವನಿಗೆ ಇದ್ಯಾವ ಲೆಕ್ಕ ಎಂದು ದರ್ಜಿ ಶುರುಮಾಡಿದ. ಉತ್ತರ ಎಲ್ಲಿಗೋ ಹೋಯಿತು. ಒರೆಸಿ ಮತ್ತೆ ಮಾಡಿದ. ಇನ್ನೂ ದೂರ ಹೋಯಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ದರ್ಜಿಯ ಕಿವಿ ಕೆಂಪಾಯಿತು, ಸೀಮೆಸುಣ್ಣ ಪಟ್ಟನೆ ಮುರಿಯಿತು.

ಮಗಳು ಎದ್ದು ಬಂದು ಅಪ್ಪನ ಅಂಗಿಯ ಅಂಚು ಹಿಡಿದಳು. “ಅಬ್ಬಾ, ಮೊದಲು ಕೂತ್ಕೊ.”

ಕುಳಿತ. ಪುಟ್ಟ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿ ಸಿಟ್ಟು ಇನ್ನೂ ಏರಿತು. ಮಗಳು ಅಯ್ಯೋ ಪಾಪ ಎನ್ನುವಂತೆ ನೋಡಿ, ನೆಲ ತೋರಿಸಿದಳು. ತಾನೇ ಹೇಳಿಕೊಟ್ಟ ಪಾಠ, ಇಡೀ ತರಗತಿ ನೋಡುತ್ತಿದೆ. ಇನ್ನೇನು ಮಾಡುವುದು? ದರ್ಜಿ ಮಲಗಿದ.

ಆಗಲೇ ಹೆಡ್‌ಮಿಸ್ ಬಂದರು. ಕೈಕಟ್ಟಿ ಕುಳಿತಿದ್ದ ಮಕ್ಕಳನ್ನು ನೋಡಿದರು. ನೆಲದ ಮೇಲಿದ್ದ ದರ್ಜಿಯನ್ನು ನೋಡಿದರು. ಕನ್ನಡಕ ಸರಿಮಾಡಿಕೊಂಡು ಟೀಚರಿಗೆ ಹೇಳಿದರು:

“ಇವರ ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಕರೆಸಿ.”