ಮಾವನವರ ಮೂರನೆಯ ಡಬ್ಬಿ

ದೇವರ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದೆ. ಅಷ್ಟರಲ್ಲಿ ಯಜಮಾನರು ಗೇಟಿನಿಂದಲೇ ಕೂಗಿದರು: "ಏ, ಅಪ್ಪಾರ ಡಬ್ಬಿ ಬಂತ ನೋಡ!"

"ಮತ್ತೊಂದಾ!"

ಕೈಯಲ್ಲಿದ್ದ ದೀಪ ಜಾರಿ ನೀರಿನ ಬಕೆಟ್ಟಿಗೆ ಬಿತ್ತು. ಹಿತ್ತಾಳೆಯದು, ಒಡೆಯಲಿಲ್ಲ. ದೇವರು ದೊಡ್ಡವನು.

ಇಡೀ ದಾಂಡೇಲಿಯಲ್ಲಿ ತಮ್ಮಷ್ಟು ಸೂಕ್ಷ್ಮವಾದ ಕಿವಿ ಯಾರಿಗೂ ಇಲ್ಲ ಎಂಬುದು ನಮ್ಮ ಮಾವನವರ ನಂಬಿಕೆ. ದುಡಿಯುವ ಕಾಲವೆಲ್ಲ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು. ಹಳಿಯಾಳದ ಮದುವೆಯಾಗಲಿ, ಕುಂಬಾರವಾಡದ ನಾಟಕವಾಗಲಿ, ಲೌಡ್‌ಸ್ಪೀಕರಿನ ಬಾಯಿಗೇ ಕುರ್ಚಿ ಹಾಕಿಕೊಂಡು ಕೂತವರು. ಊರೂರಿನ ಜನರ ನಿದ್ದೆ ಕೆಡಿಸಿದ ಈ ಪುಣ್ಯಾತ್ಮರಿಗೆ ಈಗ ಶುದ್ಧ ಧ್ವನಿ ಬೇಕಂತೆ!

ಡಬ್ಬಿಯೆಂದರೆ ಹೋಂ ಥಿಯೇಟರ್ ಪ್ರೊಸೆಸರು. ಹಾಡಿನ ಫೈಲನ್ನು ಬಿಡಿಸಿ ಸ್ಪೀಕರುಗಳಿಗೆ ಹಂಚುವ ಯಂತ್ರ. ಅದರಲ್ಲಿ ಅವರಿಗೆ ಕೇಳಬೇಕಾದದ್ದು ಒಂದೇ ಒಂದು, ತೇರಗಾಂವದ ಭಜನಾ ಮೇಳದ ಹಾಡು. ಪರಿಚಯದವರು ಯಾರೋ ಹೈ-ರೆಸಲ್ಯೂಷನ್ನಿನಲ್ಲಿ ರೆಕಾರ್ಡ್ ಮಾಡಿಕೊಟ್ಟಿದ್ದರು. ಹರೆಯದಲ್ಲಿ ಮಾವನವರು ಅದೇ ಮೇಳದಲ್ಲಿ ಕಂಚಿನ ತಾಳ ಹಾಕುತ್ತಿದ್ದರು.

ಮೊದಲನೆಯ ಡಬ್ಬಿ ಹಾಡಲೇ ಇಲ್ಲ. 'ಈ ಫಾರ್ಮ್ಯಾಟಿಗೆ ಸಪೋರ್ಟ್ ಇಲ್ಲ' ಎಂದು ಪರದೆಯ ಮೇಲೆ ಬರೆದು ತೋರಿಸಿ ಸುಮ್ಮನಾಯಿತು. ಎರಡನೆಯದು ಹಾಡಿತು. ಆದರೆ ದೊಡ್ಡ ಧ್ವನಿಯನ್ನು ಕುಗ್ಗಿಸಿ ಸಣ್ಣದು ಮಾಡಿ ಹಾಡುತ್ತದಂತೆ.

"ತಾಳ ನುಂಗೇತಿ ಇದು! ಹಾಡು ಬಿಟ್ಟೇತಿ, ತಾಳ ನುಂಗೇತಿ!"

"ನನಗ ಅಡಿಗಿಮನ್ಯಾಗ ಕೇಳ್ತಲ್ರಿ ಮಾವಾರ, ತಾಳ?"

"ಅಡಿಗಿಮನ್ಯಾಗಿನ ಕಿವಿಗೆ ಅದೇನ್ ತಿಳೀತೈತವ್ವಾ!"

ನೋಡಿ! ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರೂ ಒಲೆಯ ಮೇಲಿನ ಹಾಲು ಉಕ್ಕುವ ಸದ್ದು ಹಿಡಿದು ಓಡಿಬರುವ ಕಿವಿ ಇದು. ಇದಕ್ಕೆ ತಾಳ ತಿಳಿಯುವುದಿಲ್ಲವೇ?

ಅವರು ಕೇಳಲು ಕೂತರೆಂದರೆ ಮನೆಗೆ ಕರ್ಫ್ಯೂ. ಬೇಸಿಗೆಯಲ್ಲೂ ಫ್ಯಾನ್ ಬಂದ್. ಆರತಿಯ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಬೇಕು. ದೇವರಿಗೂ ಕೇಳಬಾರದೇ? ಕುಕ್ಕರ್ ಸೀಟಿ ಹೊಡೆಯಕೂಡದು. ಒಮ್ಮೆ ನಾನು ಮರೆತೆ. ಅದು ಕಿರ್ರೆಂದು ಕೂಗಿತು, ಒಂದಲ್ಲ, ಮೂರು ಸಲ! ಬೈಗುಳಕ್ಕೆ ಸಿದ್ಧಳಾಗಿ ಇಣುಕಿದರೆ ಅವರು ಕಣ್ಣು ಮುಚ್ಚಿ ಕೂತಿದ್ದರು.

"ನೋಡಿದಿ? ಹಿಂಗ ಶಾಂತ ಇರಬೇಕ ಮನಿ."

ಚುಚ್ಚಿ ಮಾತಾಡುತ್ತಿದ್ದಾರೆ ಎಂದುಕೊಂಡು ಮೈಯೆಲ್ಲ ಉರಿದುಹೋಯಿತು. ನೇರವಾಗಿ ಬೈಯಲಿಲ್ಲ, ಅದೇ ಪುಣ್ಯ.

ಈಗ ಈ ಮೂರನೆಯದು. ಜಗತ್ತಿನಲ್ಲಿರುವ ಎಲ್ಲ ಫಾರ್ಮ್ಯಾಟುಗಳೂ ಇದಕ್ಕೆ ಬರುತ್ತವಂತೆ. ಯಜಮಾನರು ವೈರು ಜೋಡಿಸಿಕೊಟ್ಟು ಡ್ಯೂಟಿಗೆ ಹೊರಟುಹೋದರು. ಅವರೇನೋ ಬಚಾವು!

"ಬಾರವ್ವಾ, ಕುಂದರ ಇಲ್ಲೆ. ಖರೇ ತಾಳ ಅಂದ್ರ ಹೆಂಗಿರತೈತಿ, ಇವತ್ತ ನಿನಗೂ ತಿಳೀಲಿ."

ಹುಣಸೆಹುಳಿಯ ಕೈ ಸೆರಗಿಗೆ ಒರೆಸಿಕೊಂಡು, ಮುಖ ಊದಿಸಿಕೊಂಡು ಕೂತೆ. ಹಾಡು ಶುರುವಾಯಿತು. ಶಿವನೇ! ಅದೇನು ತಾಳ! ಕಂಚಿಗೆ ಕಂಚು ತಾಗಿ ಹೊಮ್ಮಿದ ಸಣ್ಣ ನಾದ ಗಾಳಿಯಲ್ಲಿ ನಡುಗಿ ಕರಗುವವರೆಗೂ ಕೇಳುತ್ತಿತ್ತು. ಸಿಟ್ಟಿನಲ್ಲೂ ಕೈ ಮುಗಿದೆ.

ಮಾವನವರು ಮುಂದಕ್ಕೆ ಬಾಗಿದರು. ಇನ್ನಷ್ಟು ಬಾಗಿದರು. ಎದ್ದು ಹೋಗಿ ಸ್ಪೀಕರಿಗೆ ಕಿವಿ ಹಚ್ಚಿದರು.

"ಸಪೋರ್ಟ್ ಐತಿ ಅಂತ ಬರದಾರ. ಮತ್ತ ತಾಳ ಎಲ್ಲೈತಿ?"

ನಾಲ್ಕನೆಯ ಡಬ್ಬಿಯ ಮಾತು ಎತ್ತಲಿ, ಇವತ್ತು ಹೇಳಿಯೇಬಿಡುತ್ತೇನೆ ಎಂದು ಬಾಯಿ ತೆರೆದವಳು ಅವರ ಮುಖ ನೋಡಿದೆ. ಜಾತ್ರೆಯಲ್ಲಿ ಕೈತಪ್ಪಿಹೋದ ಕೂಸಿನ ಮುಖವಾಗಿತ್ತು. ದೇವರ ಹಾಡಿನ ಮುಂದೆ ಕೂತು ಸುಳ್ಳಾಡಲು ನನಗೆ ಬಾರದು.

"ತಾಳ ಬರಾಕತ್ತೈತ್ರಿ, ಮಾವಾರ."

"ನಿನಗ ಕೇಳತೈತಿ?"

"ಕೇಳತೈತ್ರಿ. ಗುಡಿಯಾಗ ಕುಂತಂಗ ಆಗತೈತಿ."

ಅವರು ತಿರುಗಿ ಬಂದು ಕುರ್ಚಿಯಲ್ಲಿ ಕೂತರು. ಡಬ್ಬಿಯನ್ನೇ ನೋಡಿದರು.

"ಹಂಗಾರ ಡಬ್ಬಿ ಛಲೋ ಐತಿ ಬಿಡು," ಎಂದರು.

ಅವರ ಕುರ್ಚಿಯ ಮರದ ಕೈಯ ಮೇಲೆ ಬೆರಳಿನಿಂದ ತಾಳ ಬಡಿಯತೊಡಗಿದೆ, ನನಗೆ ಕೇಳಿಸಿದ ಹಾಗೆಯೇ. ಅವರು ನನ್ನ ಬೆರಳನ್ನು ನೋಡಿದರು. ತಮ್ಮ ಅಂಗೈಯನ್ನು ಆ ಮರದ ಮೇಲಿಟ್ಟರು. ತುಟಿ ಹಾಡಿನೊಡನೆ ಅಲುಗತೊಡಗಿತು.

ಪಲ್ಲವಿ ಮತ್ತೆ ಬಂದಾಗ ಅವರು ನನ್ನ ಬೆರಳನ್ನು ಹಿಡಿದು ನಿಲ್ಲಿಸಿದರು.

"ತಪ್ಪಿದಿ. ಅಲ್ಲೆ ಒಂದೀಟ ತಡದು ಹಾಕಬೇಕವ್ವಾ. ಹಾಂ... ಈಗ ಹಾಕ."

ಕೇಳಿಸದೆಯೂ ನನ್ನ ತಪ್ಪು ಹಿಡಿದರಲ್ಲ! ಎಂಥ ಮನುಷ್ಯರು!

ಅವರು ಹೇಳಿದ ಹಾಗೆ ತಡೆದು ಹಾಕಿದೆ. ಹಾಡು ಮುಗಿಯುವವರೆಗೂ ಹಾಕಿದೆ. ಆಮೇಲೆ ಎದ್ದು ಹೋಗಿ ರೊಟ್ಟಿಗೆ ಎಸರಿಟ್ಟೆ.